ಹಿರಿಯೂರಿನ ರೌಟರ್, 2003ರ ತಕರಾರು

ಮೊನ್ನೆ ಹಿರಿಯೂರಿಗೆ ಹೋಗಿದ್ದೆ. ಮನೆಯ ರೌಟರ್‌ಗೆ ಕಂಪನಿಯ ಅಪ್‌ಡೇಟ್ ನಿಂತು ವರ್ಷಗಳಾಗಿವೆ, ಗಂಟೆಗೊಮ್ಮೆ ವೈ-ಫೈ ಮಾಯ. "ಬಿಸಾಕೋ, ಹೊಸದು ತಗೊಂಡ್ರಾಯ್ತು" ಅಂದ್ರು ಅಪ್ಪ. ನಾನು ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಮುಕ್ತ ಫರ್ಮ್‌ವೇರ್ ಹಾಕತೊಡಗಿದೆ. ಅರ್ಧದಲ್ಲೇ ಕರೆಂಟ್ ಹೋಯ್ತು! ಪುಣ್ಯಕ್ಕೆ ಬೂಟ್‌ಲೋಡರ್ ಉಳಿದಿತ್ತು. ಕೇಬಲ್ ಸಿಕ್ಕಿಸಿ, ಟಿಎಫ್‌ಟಿಪಿ ಮೂಲಕ ಮತ್ತೆ ತುಂಬಿಸಿದೆ.

ಈ ಫರ್ಮ್‌ವೇರ್ ಹುಟ್ಟಿದ್ದೇ ಒಂದು ತಕರಾರಿನಿಂದ. 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರ್‌ನೊಳಗೆ ಲಿನಕ್ಸ್ ಇರೋದನ್ನು ಲಿನಕ್ಸ್ ಬಳಗದವರು ಪತ್ತೆಹಚ್ಚಿದರು. ಜಿಪಿಎಲ್ ಪ್ರಕಾರ ಸೋರ್ಸ್ ಕೋಡ್ ಕೊಡಿ ಅಂತ ಪಟ್ಟು ಹಿಡಿದರು. 2003ರಲ್ಲಿ ಕಂಪನಿ ಕೊಟ್ಟಿತು. ಅದನ್ನೇ ಹಿಡಿದು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯ್ತು (ಹೆಸರಿನ ಬಾಲ ಆ ರೌಟರ್‌ನದೇ). 2005ರ ಐದನೇ ಆವೃತ್ತಿಯಲ್ಲಿ ಲಿನಕ್ಸ್ ಕಿತ್ತು, ಮೆಮೊರಿಯನ್ನೂ ಅರ್ಧಕ್ಕಿಳಿಸಿದರು. ಜಿಪುಣತನ! ಆಮೇಲೆ ಲಿನಕ್ಸ್ ಇರೋ 'ಜಿಎಲ್' ಮಾದರಿಯನ್ನು ಬೇರೆಯಾಗಿ ತಂದರು.

ಅಪ್ಪನಿಗೆ ಇಷ್ಟೂ ಹೇಳಿದೆ. "ಹಿತ್ತಲಿಗೂ ಸಿಗ್ನಲ್ ಬರುತ್ತೇನೋ?" ಅಂದ್ರು.