ಹೊರಬಿಟ್ಟ ಉಸಿರಿನ ಬಲ

ಕಳೆದ ಡಿಸೆಂಬರಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕಾರಿನಲ್ಲಿ ನಮ್ಮ ಮನೆಗೆ ಬಂದಿದ್ದ. ಅದು ಹೊಸ ಕಾರೇನೂ ಅಲ್ಲ. 2013ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಟಿ.ಎಸ್.ಐ. ಎಂಬ ಪುಟ್ಟ ಹ್ಯಾಚ್‌ಬ್ಯಾಕ್. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಬರೋಣವೆಂದು ಉಜಿರೆಯ ಹಾದಿಯಾಗಿ ಹೊರಟೆವು. ಘಾಟಿಯ ಬುಡದಲ್ಲಿ ಅವನು ಕಾರು ನಿಲ್ಲಿಸಿ, "ಸರ್, ಇನ್ನು ನೀವೇ ಓಡಿಸಬೇಕು" ಎಂದು ಕೆಳಗಿಳಿದುಬಿಟ್ಟ. ಶಿಷ್ಯನ ಮಾತನ್ನು ಮೀರುವುದಕ್ಕಾಗಲಿಲ್ಲ.

ಮೊದಲನೆಯ ಹಿಮ್ಮುರಿ ತಿರುವನ್ನು ಮೆಲ್ಲನೆ ದಾಟಿ ಆಕ್ಸಿಲರೇಟರನ್ನು ಒತ್ತಿದೆ. ಅರೆಕ್ಷಣ ಏನೂ ಆಗಲಿಲ್ಲ. ಆಮೇಲೆ, ಹಿಂದಿನಿಂದ ಯಾರೋ ನಾಲ್ಕು ಜನ ಸೇರಿ ನೂಕಿದಂತೆ ಕಾರು ಏರನ್ನು ಹತ್ತತೊಡಗಿತು. ಎಂಜಿನ್ನಿನ ಕೂಗಾಟವಿಲ್ಲ, ಏದುಸಿರಿಲ್ಲ. ಎಳೆಯ ವಯಸ್ಸಿನಲ್ಲಿ ಇದೇ ಘಾಟಿಯನ್ನು ಬಾಡಿಗೆ ಕಾರುಗಳಲ್ಲಿ ಹತ್ತಿದ ನೆನಪು ನನಗಿದೆ. ಅರ್ಧ ದಾರಿಯಲ್ಲಿ ರೇಡಿಯೇಟರ್ ಕುದಿದು, ಚಕ್ರಕ್ಕೆ ಕಲ್ಲು ಕೊಟ್ಟು, ತೊರೆಯಿಂದ ನೀರು ತಂದು ಹೊಯ್ದು, ಎಂಜಿನ್ ತಣಿಯುವವರೆಗೆ ರಸ್ತೆಯ ಬದಿಯಲ್ಲಿ ಕುಳಿತಿರುವುದು ಪ್ರಯಾಣದ ಒಂದು ಅಂಗವೇ ಆಗಿತ್ತು. ಹಾಗಾಗಿ ಕುತೂಹಲದಿಂದ, "ಇದರ ಎಂಜಿನ್ ಎಷ್ಟು ದೊಡ್ಡದಪ್ಪಾ?" ಎಂದು ಕೇಳಿದೆ. "ಸಾವಿರದ ಇನ್ನೂರು ಸಿಸಿಗೆ ಮೂರು ಕಡಿಮೆ ಸರ್" ಎಂದು ಅವನು ನಕ್ಕ.

ಆ ಮೂರು ಸಿಸಿಯ ಲೆಕ್ಕಕ್ಕೂ ಆ ಅರೆಕ್ಷಣದ ಮೌನಕ್ಕೂ ಒಂದೊಂದು ಇತಿಹಾಸವಿದೆ. ಮನೆಗೆ ಬಂದ ಮೇಲೆ ಅದನ್ನು ಓದಿ ತಿಳಿದುಕೊಂಡೆ. ಇತಿಹಾಸದ ಮೇಷ್ಟ್ರಿಗೆ ಕಾರು ಸಿಕ್ಕರೂ ಅದರಲ್ಲಿ ಪಾಠವೇ ಕಾಣುತ್ತದೆ ಎಂದು ನೀವು ನಗಬಹುದು.

ಎಂಜಿನ್ ಎಂಬುದು ಒಂದು ರೀತಿಯಲ್ಲಿ ಉಸಿರಾಡುವ ಯಂತ್ರ. ಪೆಟ್ರೋಲು ಉರಿಯಬೇಕಾದರೆ ಗಾಳಿ ಬೇಕು. ಹೆಚ್ಚು ಗಾಳಿ ಒಳಸೇರಿದಷ್ಟೂ ಹೆಚ್ಚು ಪೆಟ್ರೋಲನ್ನು ಉರಿಸಿ ಹೆಚ್ಚು ಶಕ್ತಿಯನ್ನು ಪಡೆಯಬಹುದು. ಸಾಮಾನ್ಯ ಎಂಜಿನ್ ಗಾಳಿಯನ್ನು ತಾನಾಗಿ ಎಳೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಯದಕ್ಕಿಂತ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ಮಂಗಳೂರಿನಿಂದ ಘಾಟಿ ಹತ್ತಿ ಬರುವ ಕಾರು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಬಲವನ್ನು ಕಳೆದುಕೊಳ್ಳುತ್ತಲೇ ಬರುತ್ತದೆ. ಇನ್ನೊಂದು ನಷ್ಟವೂ ಇದೆ. ಉರಿದ ಇಂಧನದ ಶಾಖದಲ್ಲಿ ದೊಡ್ಡದೊಂದು ಪಾಲು ಯಾವ ಕೆಲಸಕ್ಕೂ ಬಾರದೆ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ.

ಈ ಎರಡು ನಷ್ಟಗಳನ್ನು ಒಟ್ಟಿಗೆ ಇಟ್ಟು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಹೊರಹೋಗುವ ಬಿಸಿಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುವುದು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುವುದು. ಇದೇ ಟರ್ಬೊ. 1905ರಲ್ಲಿ ಅವನು ಇದಕ್ಕೆ ಪೇಟೆಂಟ್ ಕೋರಿದ. ಆದರೆ ಅಂದಿನ ಲೋಹಗಳು ಆ ಶಾಖವನ್ನೂ ಆ ವೇಗವನ್ನೂ ತಾಳುವಂಥವಾಗಿರಲಿಲ್ಲ. ಅವನ ಪ್ರಯತ್ನ ನಿಜವಾಗಿ ಫಲಿಸಿ, ಡೀಸೆಲ್ ಎಂಜಿನ್ನಿನ ಶಕ್ತಿ ಶೇಕಡಾ 40ರಷ್ಟು ಏರಿದ್ದು 1925ರಲ್ಲಿ. ಒಂದು ಸರಳ ವಿಚಾರ ಕೈಗೂಡುವುದಕ್ಕೆ ಇಪ್ಪತ್ತು ವರ್ಷ ಬೇಕಾಯಿತು.

ಈ ನಡುವೆ ಮೊದಲನೆಯ ಮಹಾಯುದ್ಧ ಬಂತು. ಮೇಲೇರಿದ ವಿಮಾನಗಳಿಗೆ ಗಾಳಿ ಸಾಲದೆ ಬಲ ಕುಗ್ಗುತ್ತಿತ್ತು. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ 'ಲಿಬರ್ಟಿ' ಎಂಬ ವಿಮಾನ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ನೆತ್ತಿಗೆ ಸಾಗಿಸಿ ಪರೀಕ್ಷಿಸಿದ. ಆ ಬೆಟ್ಟದ ಎತ್ತರ 14,000 ಅಡಿಗೂ ಮಿಗಿಲು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಚಾರ್ಮಾಡಿಯಲ್ಲಿ ನನಗಾದ ಅನುಭವ ಆ ಪ್ರಯೋಗದ ಮರಿಮೊಮ್ಮಗ ಎನ್ನಬಹುದು.

ಹಡಗು, ವಿಮಾನ, ಲಾರಿಗಳಿಗೆ ಒಗ್ಗಿದ ಟರ್ಬೊ ಪೆಟ್ರೋಲ್ ಕಾರಿಗೆ ಸುಲಭವಾಗಿ ಒಗ್ಗಲಿಲ್ಲ. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡವನ್ನು ಮುಟ್ಟಿ ನೋಡಿದವರಿಗೆಲ್ಲ ಇದು ಗೊತ್ತು. ಆ ಬಿಸಿಗೆ ಪೆಟ್ರೋಲು ತಾನೇತಾನಾಗಿ ಸಿಡಿದು ಎಂಜಿನ್ನಿಗೆ ಸುತ್ತಿಗೆಯ ಪೆಟ್ಟು ಕೊಡುತ್ತದೆ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1962ರಲ್ಲಿ ಹೊರತಂದ 'ಜೆಟ್‌ಫೈರ್' ಕಾರಿನಲ್ಲಿ ಇದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮುಕಿಸುವ ಏರ್ಪಾಡಿತ್ತು. ಅದರ ಡಬ್ಬಿಯನ್ನು ತುಂಬಿಸಲು ಕೊಂಡವರೇ ಮರೆಯುತ್ತಿದ್ದರು. 1963ರಲ್ಲಿ ಆ ಕಾರಿನ ತಯಾರಿಕೆ ನಿಂತಿತು.

1973ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ತನ್ನ '2002 ಟರ್ಬೊ' ಕಾರನ್ನು ಪ್ರದರ್ಶಿಸಿತು. ಶಕ್ತಿ 170 ಅಶ್ವಬಲ. ಮುಂದೆ ಹೋಗುವವರು ಕನ್ನಡಿಯಲ್ಲಿ ಕಂಡು ದಾರಿ ಬಿಡಲಿ ಎಂಬಂತೆ ಮೂತಿಯ ಮೇಲೆ 'ಟರ್ಬೊ' ಎಂಬ ಪದವನ್ನು ತಿರುಗುಮುರುಗಾಗಿ ಬರೆಯಲಾಗಿತ್ತು. ಈ ದರ್ಪ ಅಲ್ಲಿ ಟೀಕೆಗೆ ಗುರಿಯಾಯಿತು. ಅದೇ ವರ್ಷದ ಕೊನೆಯಲ್ಲಿ ಅರಬ್ ರಾಷ್ಟ್ರಗಳ ತೈಲ ನಿರ್ಬಂಧ ಬಂದು, 1,672 ಕಾರುಗಳಿಗೇ ಅದರ ಕಥೆ ಮುಗಿಯಿತು. ಟರ್ಬೊ ಎಂದರೆ ಪೆಟ್ರೋಲು ನುಂಗುವ ಭೂತ ಎಂಬ ಹೆಸರು ನಿಂತಿತು.

ಆ ಹೆಸರನ್ನು ತೊಡೆಯುವ ಕೆಲಸಕ್ಕೆ ಕೈಹಾಕಿದ್ದು ಸ್ವೀಡನ್ನಿನ ಸಾಬ್. 1977ರಲ್ಲಿ ತೋರಿಸಿದ '99 ಟರ್ಬೊ'ದಲ್ಲಿ ಅತಿವೇಗಕ್ಕಿಂತ ದಿನನಿತ್ಯದ ಓಡಾಟಕ್ಕೆ ಬೇಕಾದ ಎಳೆತವನ್ನೇ ಅದು ಮುಖ್ಯವಾಗಿಸಿತು. ಒತ್ತಡ ಮಿತಿಮೀರಿದಾಗ ಹೊಗೆಯನ್ನು ಪಕ್ಕದ ದಾರಿಗೆ ಬಿಡುವ ಬಾಗಿಲು ಅದರಲ್ಲಿತ್ತು. ನಮ್ಮ ಕೆರೆಗಳ ಕೋಡಿಯಂತೆ ಎಂದುಕೊಳ್ಳಿ.

ಮುಂದೆ ಟರ್ಬೊ ಪುಟ್ಟ ಹ್ಯಾಚ್‌ಬ್ಯಾಕಿಗೂ ಇಳಿಯಿತು. ಫ್ರಾನ್ಸಿನ ರೆನೋ 1980ರಲ್ಲಿ ತನ್ನ ಸಣ್ಣ '5' ಕಾರಿನ ಹಿಂದಿನ ಸೀಟನ್ನೇ ಕಿತ್ತು ಅಲ್ಲಿ 1.4 ಲೀಟರಿನ ಟರ್ಬೊ ಎಂಜಿನ್ನನ್ನು ಕೂರಿಸಿತು. 1981ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಜಾನ್ ರಾನ್ಯೊಟಿ ಗೆದ್ದದ್ದು ಇದರಲ್ಲಿಯೇ. ಇನ್ನು ಜಪಾನಿನಲ್ಲಿ ಸಣ್ಣ ಕಾರುಗಳಿಗೆ 550 ಸಿಸಿಯ ಮಿತಿಯಿತ್ತು. ಆ ಮಿತಿಯೊಳಗೆ 1987ರಲ್ಲಿ ಸುಜುಕಿ 'ಆಲ್ಟೊ ವರ್ಕ್ಸ್' ಕಾರಿನಿಂದ 64 ಅಶ್ವಶಕ್ತಿಯನ್ನು ಹೊರಡಿಸಿತು. 1986ರಿಂದ ನಮ್ಮ ಬೀದಿಗಳಲ್ಲಿ ಓಡಾಡಿದ, ನಿಮ್ಮಲ್ಲಿ ಅನೇಕರು ಸ್ಟೀರಿಂಗ್ ಹಿಡಿಯಲು ಕಲಿತ ಮಾರುತಿ 800 ಅದೇ ತಲೆಮಾರಿನ ಆಲ್ಟೊದ ಒಡಹುಟ್ಟು. ಅದರ 796 ಸಿಸಿ ಎಂಜಿನ್ ಕೊಡುತ್ತಿದ್ದುದು ನಲವತ್ತರ ಆಸುಪಾಸಿನ ಅಶ್ವಶಕ್ತಿ.

ಕಾನೂನು ಎಂಜಿನ್ನಿನ ಗಾತ್ರವನ್ನು ಅಳೆಯತೊಡಗಿದ ಕಡೆಯಲ್ಲೆಲ್ಲ ಟರ್ಬೊ ಚಿಗುರಿದೆ. ನಮ್ಮ ದೇಶದ ಕಥೆಯೂ ಅದೇ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. ಸುಂಕದ ಹೆಸರು ಬದಲಾಗಿ ಜಿ.ಎಸ್.ಟಿ. ಬಂದರೂ ಈ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಪೆಟ್ರೋಲ್ ಕಾರುಗಳಿಗೆ ಶೇಕಡಾ 18, ಗೆರೆ ದಾಟಿದವುಗಳಿಗೆ ಶೇಕಡಾ 40 ತೆರಿಗೆ. ನನ್ನ ಶಿಷ್ಯ ಹೇಳಿದ ಮೂರು ಸಿಸಿಯ ಗುಟ್ಟು ಇದು. ಅವನ ಕಾರಿನ 1197 ಸಿಸಿ ಎಂಜಿನ್ನಿನ ತಿರುಗುಬಲ 175 ನ್ಯೂಟನ್ ಮೀಟರ್. ಹೆಚ್ಚುಕಡಿಮೆ ಅದೇ ಗಾತ್ರದ, ಟರ್ಬೊ ಇಲ್ಲದ ಪೋಲೋ ಎಂಜಿನ್ನಿನದು 110. ಆಮೇಲೆ 2017ರಲ್ಲಿ ಮಾರುತಿ ಬಲೆನೊ ಆರ್.ಎಸ್., 2018ರಲ್ಲಿ ಟಾಟಾ ಟಿಯಾಗೊ ಜೆ.ಟಿ.ಪಿ., 2020ರಲ್ಲಿ ಹ್ಯುಂಡೈ ಐ20 ಟರ್ಬೊ ಇದೇ ಹಾದಿಯಲ್ಲಿ ಬಂದವು. ಪೋಲೋ 2022ರಲ್ಲಿ ನಮ್ಮ ಮಾರುಕಟ್ಟೆಯಿಂದ ನಿರ್ಗಮಿಸಿತು.

ಯುರೋಪಿನಲ್ಲಿ ಒತ್ತಾಯ ಬಂದದ್ದು ಬೇರೊಂದು ಕಡೆಯಿಂದ. 2009ರ ಕಾನೂನು ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡನ್ನು ಕಿಲೋಮೀಟರಿಗೆ 130 ಗ್ರಾಮಿಗೆ ಇಳಿಸಬೇಕೆಂದಿತು. ದೊಡ್ಡ ಎಂಜಿನ್ನನ್ನು ತೆಗೆದು ಸಣ್ಣದಕ್ಕೆ ಟರ್ಬೊ ಜೋಡಿಸುವುದೇ ಅನೇಕ ಕಂಪನಿಗಳು ಕಂಡುಕೊಂಡ ಉಪಾಯ. ಬೆಳಕು ಬೇಡವಾದಾಗ ದೀಪದ ಬತ್ತಿಯನ್ನು ಇಳಿಸಿ, ಬೇಕಾದಾಗ ಏರಿಸಿದಂತೆ. ಪ್ರಯೋಗಶಾಲೆಯಲ್ಲಿ ಲೆಕ್ಕ ಚೆನ್ನಾಗಿಯೇ ಬಂತು. ರಸ್ತೆಯ ಮೇಲೆ ಅಷ್ಟು ಚೆನ್ನಾಗಿ ಬರಲಿಲ್ಲ. ರಸ್ತೆಯ ವಾಸ್ತವಕ್ಕೆ ಹತ್ತಿರವಾದ ಹೊಸ ಪರೀಕ್ಷಾಕ್ರಮವನ್ನು ಅಲ್ಲಿ 2017ರಿಂದ ಜಾರಿಗೆ ತರಬೇಕಾಯಿತು.

ಏಕೆ ಹಾಗಾಯಿತು ಎಂಬುದನ್ನು ನಾನು ಚಾರ್ಮಾಡಿಯಲ್ಲಿ ಕಣ್ಣಾರೆ ಕಂಡೆ. ಆ ನೂಕುಬಲದ ರುಚಿ ಹತ್ತಿದ ಮೇಲೆ ಪ್ರತಿ ತಿರುವಿನಲ್ಲೂ ಬೇಕೆಂದೇ ಆಕ್ಸಿಲರೇಟರ್ ಒತ್ತಿದೆ. ಕೊಟ್ಟಿಗೆಹಾರ ತಲುಪಿದಾಗ ಮುಂದಿನ ಪರದೆ ಲೀಟರಿಗೆ 9 ಕಿಲೋಮೀಟರ್ ಎಂದು ತೋರಿಸುತ್ತಿತ್ತು. ಶಿಷ್ಯ ಏನೂ ಹೇಳಲಿಲ್ಲ. ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ, ಅಷ್ಟೇ. ತರಗತಿಯಲ್ಲಿ ಒಂದು ಕಾಲದಲ್ಲಿ ನಾನು ಅವನನ್ನು ನೋಡುತ್ತಿದ್ದ ನೋಟವೇ ಅದು. ಮರುದಿನ ಬಯಲಿನ ರಸ್ತೆಯಲ್ಲಿ ಅವನು ಹದವಾಗಿ ಓಡಿಸಿದಾಗ ಅದೇ ಕಾರು ಲೀಟರಿಗೆ 17 ಕಿಲೋಮೀಟರ್ ಕೊಟ್ಟಿತು.

ಬ್ಯೂಖಿ ಯೋಚಿಸಿದ್ದು ವ್ಯರ್ಥವಾಗಿ ಹೋಗುವುದನ್ನು ಉಳಿಸಿಕೊಳ್ಳುವುದನ್ನು. ಆ ಯಂತ್ರ ಯುದ್ಧಕ್ಕೂ ದುಡಿಯಿತು, ದರ್ಪಕ್ಕೂ ದುಡಿಯಿತು, ತೆರಿಗೆ ಉಳಿಸುವುದಕ್ಕೂ ದುಡಿಯಿತು. ಉಳಿತಾಯದ ಯಂತ್ರವನ್ನು ಕಟ್ಟಿಕೊಟ್ಟ ಮಾತ್ರಕ್ಕೆ ಉಳಿತಾಯವಾಗುವುದಿಲ್ಲ. ಕೊನೆಯ ತೀರ್ಮಾನ ಓಡಿಸುವವನ ಬಲಗಾಲಿನಲ್ಲಿದೆ. ಅರವತ್ತು ದಾಟಿದ ನನ್ನ ಕಾಲೂ ಆ ದಿನ ಸೋತಿತೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ನಿಮ್ಮಲ್ಲಿ ಅಂಥ ಕಾರುಳ್ಳವರು ಘಾಟಿ ಹತ್ತುವಾಗ ಆ ಅರೆಕ್ಷಣ ತಾಳಿ. ಬಲ ಬಂದೇ ಬರುತ್ತದೆ. ಪೂರ್ತಿ ಒತ್ತುವ ಅಗತ್ಯವಿಲ್ಲ.