ಮಳೆಗಾಲದ ಸಿದ್ಧತೆ (ಮಲೆನಾಡು ಮತ್ತು ಕರಾವಳಿ)

ಮುಂಗಾರು ಹಿಡಿಯುವ ಮೊದಲು ಕರ್ನಾಟಕದ ಮಲೆನಾಡು ಮತ್ತು ಕರಾವಳಿಯ ಮನೆ, ತೋಟ, ಬಂದರುಗಳಲ್ಲಿ ವರ್ಷವರ್ಷ ನಡೆಯುವ ಕೆಲಸ. ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಹಳ್ಳ ಉಕ್ಕಿ ಸಂಕ (ಕಾಲುಸೇತುವೆ) ಕೊಚ್ಚಿಹೋಯಿತೆಂದರೆ ಪೇಟೆಯ ದಾರಿ ಮುಚ್ಚಿದಂತೆಯೇ. ಹಾಗಾಗಿ ಹಿಂದಿನವರ ಸಿದ್ಧತೆಯೆಲ್ಲ ಮನೆಬಿಟ್ಟು ಕದಲದೆ ಮೂರು ತಿಂಗಳು ಕಳೆಯುವುದಕ್ಕಾಗಿತ್ತು.

ಲೆಕ್ಕ ಮಳೆನಕ್ಷತ್ರಗಳದು. ಮೇ ಕೊನೆಯ ರೋಹಿಣಿಯ ಹೊತ್ತಿಗೆ ಕಟ್ಟಿಗೆ ಒಡೆದು ಪೇರಿಸಿರಬೇಕು, ದನಕ್ಕೆ ಹುಲ್ಲು, ದರಗು (ಒಣ ಎಲೆ) ಸೇರಿರಬೇಕು, ಮಣ್ಣಿನ ಗೋಡೆಗೆ ಎರಚಲು ಹೊಡೆಯದಂತೆ ಸೋಗೆಯ ತಟ್ಟಿ ಏರಿರಬೇಕು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವನ್ನೆಲ್ಲ ಇಂದು ಬಾಯಿರುಚಿಗೆಂದು ನೆನೆಯುತ್ತೇವೆ. ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಹಸಿವನ್ನು ದಾಟಿಸಿದ್ದು ಇವೇ. ಈ ದಾಸ್ತಾನಿನ ಹೊಣೆ ಹೊತ್ತವರು ಹೆಂಗಸರು. ಯಾವ ದಾಖಲೆಯಲ್ಲೂ ಅವರ ಲೆಕ್ಕಾಚಾರಕ್ಕೆ ಸಲ್ಲಬೇಕಾದ ಜಾಗ ಸಿಕ್ಕಿಲ್ಲ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಹೆಂಚು ಬಂದ ಮನೆಗಳಲ್ಲಿ ವರ್ಷವೂ ಮಾಡು ಹೊದೆಸುವ ಕೆಲಸ ತಪ್ಪಿ, ಹೆಂಚು ಕೈಯಾಡಿಸಿ ಒಡೆದದ್ದನ್ನು ಬದಲಿಸುವುದಷ್ಟೇ ಉಳಿಯಿತು.

ತೋಟದ ಶತ್ರು ಕೊಳೆರೋಗ. ಅಡಿಕೆ ಗೊನೆ ನೆನೆಯದಂತೆ ಹಿಂದೆ ಒಂದೊಂದಕ್ಕೂ ಮರ ಹತ್ತಿ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅಡಿಕೆ ತೋಟದಲ್ಲಿ ಬಳಕೆಗೆ ಬಂದದ್ದು ಅವರ ಕೆಲಸದಿಂದ. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಕಳೆದು ಇನ್ನೊಮ್ಮೆ ಔಷಧಿ ಹೊಡೆಯುವ ರೂಢಿ ಇಂದಿಗೂ ನಡೆದಿದೆ. ಬಂದರುಗಳಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಬಲೆ ಹೆಣೆಯುವುದು, ಎಂಜಿನ್ ದುರಸ್ತಿ ಆಗ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಸುತ್ತಮುತ್ತ ಗುಡ್ಡಗಳು ಜರಿದಾಗ ಈ ಸಿದ್ಧತೆಯ ಇತಿಹಾಸ ತಿರುವು ಪಡೆಯಿತು. ಅಟ್ಟದ ತುಂಬ ಅಕ್ಕಿ ಇದ್ದವರೂ ಉಟ್ಟ ಬಟ್ಟೆಯಲ್ಲಿ ಓಡಬೇಕಾಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆ ಮಣ್ಣಡಿ ಸೇರಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಹೋಟೆಲೊಂದರ ಮೇಲೆಯೇ ಗುಡ್ಡ ಬಿತ್ತು. ಕಡಿದ ಗುಡ್ಡದ ಬುಡದಲ್ಲಿ ಮನೆಯನ್ನೋ ಅಂಗಡಿಯನ್ನೋ ಕಟ್ಟಿಕೊಂಡವರಿಗೆ ಹಪ್ಪಳದ ಡಬ್ಬಿ ಏನು ರಕ್ಷಣೆ ಕೊಟ್ಟೀತು? ಇಂಥ ಕಡೆ ಸಿದ್ಧತೆಯೆಂದರೆ ಹೊತ್ತಿಗೆ ಸರಿಯಾಗಿ ಮನೆಬಿಡುವುದು. ಇದು ಹಿರಿಯರು ಕಲಿಸದೆ ಹೋದ ವಿದ್ಯೆ. ಅವರಿಗದು ಅಷ್ಟಾಗಿ ಬೇಕಾಗಿರಲೂ ಇಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆಮಾಪಕಗಳ ಜಾಲದಿಂದ ಮಾಹಿತಿ ಕೊಡುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಆಧಾರ್, ಪಹಣಿ, ಮಾತ್ರೆ, ಟಾರ್ಚುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಗಿಲ ಬಳಿ ಇಡುವುದು ಈಗಿನ ಸಲಹೆ. ಆದರೆ ಗುಡ್ಡ ಜರಿಯುವ ಮುನ್ಸೂಚನೆಗಳು ಮನೆಯ ಸುತ್ತಲೇ ಕಾಣಿಸುತ್ತವೆ: ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆಯ ನೀರು. ಇವು ಕಂಡ ಮೇಲೆ ಆ ರಾತ್ರಿ ಅಲ್ಲಿ ಮಲಗಬಾರದು.