ಜಿನ್ಸೆಂಗ್‌ಗೆ ಜಾಗ ಹುಡುಕಿದವರು

ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಕಾಡೊಳಗೇ ಜಿನ್ಸೆಂಗ್ ಬೆಳೆಯೋರ ಬಗ್ಗೆ ಓದ್ತಾ ಇದ್ದೇನೆ. ಇವರು ಮಾಡೋದಿಷ್ಟೇ.. ಮರದಡಿ ಬಿದ್ದ ತರಗೆಲೆ ಸರಿಸಿ, ಬೀಜ ಹಾಕಿ, ಮತ್ತೆ ತರಗೆಲೆ ಮುಚ್ಚಿ ಬರೋದು. ಉಳುಮೆಯಿಲ್ಲ, ಚಪ್ಪರವಿಲ್ಲ. ಬೇರು ಕಾಡಿನದ್ದರ ಹಾಗೇ ಸೊಟ್ಟಗೆ, ಗಂಟುಗಂಟಾಗಿ ಇದ್ದರೇ ಬೆಲೆ. ಹಾಗಾಗಿ ಜಾಗ ಆರಿಸೋದರಲ್ಲೇ ಮುಕ್ಕಾಲು ಬೇಸಾಯ ಮುಗಿದ ಹಾಗೆ. (ನಮ್ಮಲ್ಲಿ ಅಶ್ವಗಂಧವನ್ನು ‘ಭಾರತದ ಜಿನ್ಸೆಂಗ್’ ಅಂತ ಮಾರ್ತಾರಲ್ಲ, ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ ಬಿಡಿ.)

ಈ ಜಾಗ ಹುಡುಕೋ ಕೆಲಸ ಶುರುವಾಗಿದ್ದು ಒಂದು ಕಾಗದದಿಂದ ಅಂದ್ರೆ ನಂಬ್ತೀರಾ? ಚೀನಾದ ಚಕ್ರವರ್ತಿಗೆ ನಕ್ಷೆ ಮಾಡಿಕೊಡುತ್ತಿದ್ದ ಪಿಯರ್ ಜಾರ್ತು ಎಂಬ ಜೆಸ್ವಿಟ್ ಪಾದ್ರಿ, ಮಂಚೂರಿಯಾ ಕಡೆ ತಾನು ಕಂಡ ಜಿನ್ಸೆಂಗ್ ಬಗ್ಗೆ 1711ರಲ್ಲಿ ಬರೆದ. ಬೇರೆಲ್ಲಾದರೂ ಈ ಗಿಡ ಇದ್ದರೆ ಅದು ಕೆನಡಾದಲ್ಲೇ ಇರಬೇಕು, ಅಲ್ಲಿನ ಬೆಟ್ಟ-ಕಾಡು ಇಲ್ಲಿನ ಥರವೇ ಅಂತೆ, ಅಂತ ಅವನ ಊಹೆ.

ಆ ಕಾಗದ ಓದಿದ ಇನ್ನೊಬ್ಬ ಜೆಸ್ವಿಟ್, ಜೊಸೆಫ್ ಫ್ರಾನ್ಸ್ವಾ ಲಫಿತೋ, ಮಾಂಟ್ರಿಯಲ್ ಹತ್ತಿರ ಮೊಹಾಕ್ ಜನರ ನಡುವೆ ಇದ್ದ. 1716ರಲ್ಲಿ ತಿಂಗಳುಗಟ್ಟಲೆ ಕಾಡು ಅಲೆದ. ಕೊನೆಗೆ ಕಂಡಿದ್ದು ಎಲ್ಲಿ? ತಾನು ಕಟ್ಟಿಸುತ್ತಿದ್ದ ಮನೆಯ ಪಕ್ಕದಲ್ಲೇ, ಕೆಂಪು ಹಣ್ಣು ಬಿಟ್ಟುಕೊಂಡು! ಒಬ್ಬ ಮೊಹಾಕ್ ಹೆಂಗಸಿಗೆ ತೋರಿಸಿದರೆ, ಅದು ಅವರ ಮಾಮೂಲಿ ಮದ್ದು. ಪುಸ್ತಕಗಳಲ್ಲಿ ಮಾತ್ರ ಲಫಿತೋ ‘ಕಂಡುಹಿಡಿದ’ ಅಂತಲೇ ಇರುತ್ತೆ.

ಆಮೇಲೆ ನಡೆದದ್ದು ದುರಾಸೆಯ ಕತೆ. 1752ರ ಹೊತ್ತಿಗೆ ಕೆನಡಾದಲ್ಲಿ ಕಾಲವಲ್ಲದ ಕಾಲದಲ್ಲಿ ಅಗೆದು, ಒಲೆಯಲ್ಲಿ ಒಣಗಿಸಿ ಕಳಿಸಿದರು. ಚೀನೀಯರು ಮುಖ ತಿರುಗಿಸಿದರು, ವ್ಯಾಪಾರ ನೆಲಕಚ್ಚಿತು. 1784ರಲ್ಲಿ ನ್ಯೂಯಾರ್ಕಿನಿಂದ ಕ್ಯಾಂಟನ್‌ಗೆ ಹೊರಟ ‘ಎಂಪ್ರೆಸ್ ಆಫ್ ಚೈನಾ’ ಹಡಗಿನಲ್ಲಿ ಸುಮಾರು 30 ಟನ್ ಬೇರು ಇತ್ತು. ಅಷ್ಟೂ ಕಾಡಿನದ್ದೇ. ಅಗೆದೂ ಅಗೆದೂ ಕಡೆಗೆ 1975ರಲ್ಲಿ ಅಮೆರಿಕದ ಜಿನ್ಸೆಂಗನ್ನು ‘ಸೈಟೀಸ್’ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಬೇಕಾಯ್ತು.

ಇವತ್ತಿನ ಬೆಳೆಗಾರರು ಜಾಗ ನೋಡೋದೂ ಜಾರ್ತುವಿನ ತರ್ಕದಲ್ಲೇ, ಕಾಡಿಗೆ ಕಾಡನ್ನು ಹೋಲಿಸಿ. ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿದ ಇಳಿಜಾರು, ನೀರು ನಿಲ್ಲಬಾರದು. ಮುಕ್ಕಾಲು ಪಾಲು ನೆರಳು. ಮೇಲೆ ಶುಗರ್ ಮೇಪಲ್, ಟ್ಯೂಲಿಪ್ ಪಾಪ್ಲರ್ ಮರ. ಅವುಗಳ ಎಲೆ ಕೊಳೆತು ಮಣ್ಣಿಗೆ ಸುಣ್ಣದಂಶ ಸೇರುತ್ತೆ. ಕೆಳಗೆ ಮೇಡನ್‌ಹೇರ್ ಜರೀಗಿಡ, ಬ್ಲಡ್‌ರೂಟ್ ಇದ್ದರೆ ಇಲ್ಲಿ ಜಿನ್ಸೆಂಗ್ ಬಂದೀತು ಅಂತ ಲೆಕ್ಕ.

ಆದರೆ ಬೇರು ಕದಿಯೋರಿಗೂ ಇದೇ ಗುರುತುಗಳು ಗೊತ್ತು. ಬಿತ್ತಿ ಏಳೆಂಟು ವರ್ಷ ಕಾಯಬೇಕು, ಕದಿಯೋಕೆ ಒಂದು ರಾತ್ರಿ ಸಾಕು. ಹಾಗಾಗಿ ಈಗ ಮಣ್ಣು ಮುಟ್ಟಿ ನೋಡೋ ಮುಂಚೆ ಇನ್ನೊಂದು ನೋಡಬೇಕು: ಈ ಜಾಗ ರಸ್ತೆಗೆ ಕಾಣುತ್ತಾ, ನಮ್ಮ ಮನೆಗೆ ಕಾಣುತ್ತಾ ಅಂತ.